ಬಾಗಿಲು ನೋಡಲು ಘಟ್ಟ ಇಳಿದೆವು

ಪ್ರವಾಸ ಎಂದರೆ ಜನ ದೇವಸ್ಥಾನ ನೋಡಲು ಹೋಗುತ್ತಾರೆ, ಜಲಪಾತ ನೋಡಲು ಹೋಗುತ್ತಾರೆ. ಕಳೆದ ದಸರಾ ರಜೆಯಲ್ಲಿ ನಾನು, ನನ್ನಾಕೆ, ಏಳನೆಯ ತರಗತಿ ಓದುವ ಮೊಮ್ಮಗಳು ಮೂವರೂ ಶಿವಮೊಗ್ಗದಿಂದ ಹೊರಟದ್ದು ಬಾಗಿಲು ನೋಡಲು. ಬಾಡಿಗೆ ಕಾರಿನ ಚಾಲಕ "ಎಲ್ಲಿಗೆ ಸಾರ್? ಶೃಂಗೇರೀನಾ, ಕೊಲ್ಲೂರಾ?" ಎಂದು ಕೇಳಿದ. "ಎರಡೂ ಅಲ್ಲಪ್ಪ, ಹಳೇ ಮನೆಗಳ ಬಾಗಿಲು ನೋಡೋಕೆ" ಎಂದೆ. ಅವನು ಕನ್ನಡಿಯಲ್ಲಿ ನನ್ನ ಮುಖವನ್ನೊಮ್ಮೆ ನೋಡಿ ಸುಮ್ಮನೆ ಗಾಡಿ ಚಾಲೂ ಮಾಡಿದ.

ಬಾಗಿಲಿನ ಮೇಲೆ ನನಗೇಕೆ ಇಷ್ಟು ಆಸೆ ಎಂದು ಮೊದಲು ಹೇಳಬೇಕು. ನಾನು ಬಿಕಾಂ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದವನು, ಗುಮಾಸ್ತನಾಗಿಯೇ ನಿವೃತ್ತನಾದವನು. ವರ್ಗವಾದ ಊರಿಗೆಲ್ಲ ಟ್ರಂಕು, ಹಾಸಿಗೆ ಸುತ್ತಿಕೊಂಡು ಹೋಗಿ ಬಾಡಿಗೆ ಮನೆ ಹುಡುಕುವುದೇ ನಮ್ಮ ಅರ್ಧ ಸಂಸಾರ. ಆಗ ವಿಜಾಪುರ ಜಿಲ್ಲೆಯಲ್ಲಿದ್ದ ಇಳಕಲ್ಲಿನಲ್ಲಿ ನಮ್ಮದು ಕಲ್ಲುಗೋಡೆಯ ಮನೆ. ಬಾಗಿಲು ಎಷ್ಟು ಗಿಡ್ಡ ಎಂದರೆ ಮೊದಲ ವಾರ ನನ್ನ ಹಣೆಯಲ್ಲಿ ದಿನಕ್ಕೊಂದು ಗಂಟು. ಮನೆಯ ಮಾಲೀಕರು "ತಲಿ ಬಗ್ಗಿಸಿ ಬರ್ರೀ ಸಾಹೇಬ್ರ, ಬಾಗಿಲಾ ಬಗ್ಗೂದಿಲ್ಲ" ಎಂದು ನಗುತ್ತಿದ್ದರು. ಸಿರಸಿಯಲ್ಲಿ ಜಗಲಿಯ ಮನೆ. ಹಲಸಿನ ಹಲಗೆಯ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಮುಚ್ಚಲು ಬರುತ್ತಿರಲಿಲ್ಲ, ಬೇಸಿಗೆಯಲ್ಲಿ ಒಣಗಿ ಸಂದಿಯಲ್ಲಿ ಬೆಳಕು ಬರುತ್ತಿತ್ತು. ಚಿತ್ರದುರ್ಗದಲ್ಲಿ ಹಸಿರು ಬಣ್ಣದ ಎರಡು ಕದದ ಬಾಗಿಲು, ಅಗುಳಿ ಹಾಕಿದರೆ ಬೀದಿಗೆಲ್ಲ ಕೇಳಿಸುವಷ್ಟು ಸದ್ದು.

ಎಲ್ಲವೂ ಬೇರೆಯವರ ಬಾಗಿಲು. ಮೊಳೆ ಹೊಡೆಯಲೂ ಅಪ್ಪಣೆ ಬೇಕು. 'ನನ್ನದೇ ಮನೆ ಕಟ್ಟಿದಾಗ ತೇಗದ ಬಾಗಿಲು ಹಾಕಿಸುತ್ತೇನೆ, ಮೇಲೆ ಗಜಲಕ್ಷ್ಮಿ ಕೆತ್ತಿಸುತ್ತೇನೆ' ಎಂದು ಆಗಲೇ ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದೆ. ಆದರೆ 2003ರಲ್ಲಿ ಗೃಹಸಾಲ ತೆಗೆದು ಶಿವಮೊಗ್ಗದ ಬಡಾವಣೆಯೊಂದರಲ್ಲಿ ಮನೆ ಮಾಡಿಕೊಂಡಾಗ ತೇಗಕ್ಕೆ ದುಡ್ಡು ಉಳಿಯಲಿಲ್ಲ. ಒಬ್ಬನೇ ಗುತ್ತಿಗೆದಾರ ಒಂದೇ ಸಾಲಿನಲ್ಲಿ ಕಟ್ಟಿದ ಆರು ಮನೆಗಳಲ್ಲಿ ನಮ್ಮದು ನಾಲ್ಕನೆಯದು. ಆರಕ್ಕೂ ಒಂದೇ ಕೆನೆಬಣ್ಣದ ಗೋಡೆ, ಒಂದೇ ಗೇಟು, ಒಂದೇ ಕಂದು ಬಣ್ಣದ ಫ್ಲಶ್ ಡೋರು. ಇಪ್ಪತ್ತು ವರ್ಷ ಹಾಗೇ ಕಳೆಯಿತು.

ಇಲ್ಲೊಂದು ತಪ್ಪೊಪ್ಪಿಗೆ ಇದೆ. ಮೂರು ವರ್ಷದ ಹಿಂದೆ ಒಂದು ಸಂಜೆ ನನ್ನಾಕೆ ಹಾಲು ತರಲು ಹೋದವಳು ಮರಳಿ ಬಂದು ಐದನೆಯ ಮನೆಯ ಗೇಟು ತೆಗೆದು, ಅವರ ಬಾಗಿಲಿಗೆ ನಮ್ಮ ಕೀಲಿ ಹಾಕಿ ತಿರುಗಿಸುತ್ತ ನಿಂತಿದ್ದಳು. ಒಳಗಿಂದ ಅವರು ಬಾಗಿಲು ತೆರೆದು "ಏನು ಅಮ್ಮ?" ಎಂದಾಗಲೇ ಗೊತ್ತಾದದ್ದು. ಈ ಕಥೆಯನ್ನು ನಾನು ಎಷ್ಟು ಮದುವೆಮನೆಗಳಲ್ಲಿ, ಎಷ್ಟು ನಾಮಕರಣಗಳಲ್ಲಿ ಹೇಳಿ ಜನರನ್ನು ನಗಿಸಿದ್ದೇನೋ ಲೆಕ್ಕವಿಲ್ಲ. ಅವಳೂ ನಗುತ್ತಿದ್ದಳು. ಆಮೇಲೆ ಇನ್ನೆರಡು ಸಲ ಹಾಗೆಯೇ ಆಯಿತು. ಹೊಸ್ತಿಲು ಎಡವುವುದಂತೂ ವಾರಕ್ಕೊಮ್ಮೆ. "ನೋಡ್ಕೊಂಡು ನಡೆಯೇ, ಯಾವ ಲೋಕದಲ್ಲಿರ್ತೀಯ" ಎಂದು ಗದರಿದ್ದೂ ಉಂಟು.

ಕಳೆದ ಆಗಸ್ಟಿನಲ್ಲಿ ಹೊಸ ಕನ್ನಡಕಕ್ಕೆಂದು ಕಣ್ಣಿನ ವೈದ್ಯರ ಬಳಿ ಹೋದೆವು. ಅವರು ಕಣ್ಣಿನ ಒತ್ತಡ ನೋಡಿದರು. ಬಟ್ಟಲಿನಂಥ ಯಂತ್ರಕ್ಕೆ ಮುಖ ಕೊಟ್ಟು ಕೂರಿಸಿ, ಚುಕ್ಕೆ ಬೆಳಕು ಕಂಡಾಗಲೆಲ್ಲ ಗುಂಡಿ ಒತ್ತಿಸುವ ಪರೀಕ್ಷೆ ಮಾಡಿದರು. ಆಮೇಲೆ ಕಾಗದ ತೋರಿಸಿದರು. ಎರಡು ಕಣ್ಣಿನ ಚಿತ್ರದಲ್ಲೂ ಅಂಚು ಕಪ್ಪು, ನಡುವೆ ಮಾತ್ರ ಬಿಳಿ. ಗ್ಲಾಕೋಮಾ. ಓದುವುದು, ಟೀವಿ ನೋಡುವುದು ನಡೆಯುತ್ತದೆ. ಪಕ್ಕದ್ದು, ಕಾಲ ಬುಡದ್ದು ಕಾಣುವುದಿಲ್ಲ. ಮಬ್ಬು ಬೆಳಕಿನಲ್ಲಿ ಒಂದೇ ಬಗೆಯ ಬಣ್ಣಗಳು ಕಲಸಿಹೋಗುತ್ತವೆ. "ಹೋದ ನೋಟ ಬರೋದಿಲ್ಲ, ಇರೋದನ್ನ ಉಳಿಸಿಕೊಳ್ಳೋಣ. ದಿನಾ ಡ್ರಾಪ್ಸ್ ತಪ್ಪಿಸಬೇಡಿ" ಎಂದರು. ಮತ್ತೆ ನನ್ನ ಕಡೆ ತಿರುಗಿ, "ಎಷ್ಟು ದಿನದಿಂದ ಎಡವುತ್ತಿದ್ದರು?" ಎಂದು ಕೇಳಿದರು.

ಮೂವತ್ತೇಳು ವರ್ಷ ಪೈಸೆಗೆ ಪೈಸೆ ತಾಳೆ ಹಾಕಿದ ನನಗೆ ಆ ಪ್ರಶ್ನೆಗೆ ಉತ್ತರ ಕೊಡಲಾಗಲಿಲ್ಲ.

ಆದರೂ ಮನುಷ್ಯನ ಬುದ್ಧಿ ನೋಡಿ. ಮನೆಗೆ ಬಂದ ಮೇಲೆ ನನಗೆ ಹೊಳೆದದ್ದು ಹಳೆಯ ತೇಗದ ಬಾಗಿಲೇ. 'ಆರು ಮನೆಯಲ್ಲಿ ನಮ್ಮದಕ್ಕೆ ಮಾತ್ರ ಕೆತ್ತನೆಯ ಬಾಗಿಲು ಇದ್ದರೆ ಅವಳಿಗೆ ಗುರುತು ಸಿಗುತ್ತದೆ' ಎಂದು ಮಗನಿಗೆ ಫೋನು ಮಾಡಿ ಹೇಳಿದೆ. ಅವಳ ಕಷ್ಟಕ್ಕೆ ನನ್ನ ಆಸೆಯನ್ನು ತೇಪೆ ಹಾಕಿದೆ ಎಂದು ಈಗ ಅನಿಸುತ್ತದೆ. ಬಡಗಿ ಆಚಾರ್ರು ಬಂದು ಅಳತೆ ತೆಗೆದುಕೊಂಡರು. ಚೌಕಟ್ಟು ಸೇರಿ 85 ಸಾವಿರ ಎಂದರು. ಯಾವ ನಮೂನೆ ಎಂದು ಕೇಳಿದಾಗ, "ನೋಡಿಕೊಂಡು ಬಂದು ಹೇಳ್ತೀನಿ ಆಚಾರ್ರೇ" ಎಂದೆ. ಹೀಗೆ ಹೊರಟಿತು ನಮ್ಮ ಪ್ರವಾಸ.

ಕುಪ್ಪಳಿಯ ಹೊಸ್ತಿಲಲ್ಲಿ

ಶಿವಮೊಗ್ಗದಿಂದ ಗಾಜನೂರು ದಾಟಿ, ಸಕ್ರೆಬೈಲಿನ ಆನೆ ಬಿಡಾರದ ಬಳಿ ಮೊಮ್ಮಗಳ ಒತ್ತಾಯಕ್ಕೆ ಹತ್ತು ನಿಮಿಷ ನಿಂತು, ಮಂಡಗದ್ದೆಯ ಮೇಲೆ ಹಾದು ತೀರ್ಥಹಳ್ಳಿ ತಲುಪಿದೆವು. ದಾರಿಯುದ್ದಕ್ಕೂ ತುಂಗೆ ಒಮ್ಮೆ ಕಾಣುತ್ತಾಳೆ, ಒಮ್ಮೆ ಮರೆಯಾಗುತ್ತಾಳೆ. ತೀರ್ಥಹಳ್ಳಿಯಲ್ಲಿ ಕಡುಬು ತಿಂದು ಕೊಪ್ಪದ ರಸ್ತೆ ಹಿಡಿದರೆ ಕುಪ್ಪಳಿ.

ಕುವೆಂಪು ಅವರ ಮನೆಯನ್ನು ನೋಡದ ಕನ್ನಡಿಗರು ಒಮ್ಮೆ ನೋಡಬೇಕು. ಶಿಥಿಲವಾಗಿದ್ದ ಮನೆಯನ್ನು ಮತ್ತೆ ಕಟ್ಟಿ ಕವಿಮನೆ ಎಂದು ಉಳಿಸಿದ್ದಾರೆ. ಹಸಿರು ಗುಡ್ಡದ ಕೆಳಗೆ ಹೆಂಚಿನ ಮಾಡಿನ ದೊಡ್ಡ ತೊಟ್ಟಿಮನೆ. ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಮರದ ಕಂಬಗಳ ಸಾಲು. ಇಂಥ ಮನೆಯಲ್ಲಿ ಬೆಳಕು ಬರುವುದು ಮುಂಬಾಗಿಲಿನಿಂದಲ್ಲ, ನಡುವಿನ ತೊಟ್ಟಿಯಿಂದ. ಮಲೆನಾಡಿನ ಮಳೆಗೆ ಮಾಡನ್ನು ತಗ್ಗಿಗೆ ಇಳಿಸಬೇಕು. ಮಾಡು ತಗ್ಗಿದರೆ ಜಗಲಿ ಮಬ್ಬು.

ಹೊರಗೆ ಸುಡುವ ಬಿಸಿಲು. ಒಳಗೆ ಕಾಲಿಡುವಲ್ಲಿ ನನ್ನಾಕೆ ನಿಂತುಬಿಟ್ಟಳು. ಹಿಂದೆ ಶಾಲಾ ಮಕ್ಕಳ ಗುಂಪು. "ಅಜ್ಜಿ, ಹೋಗಿ" ಎಂದು ಯಾರೋ ಅಂದರು. ಮೊದಲಾಗಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ. ಈಗ ಅವಳ ಮೊಣಕೈ ಹಿಡಿದು ಪಕ್ಕಕ್ಕೆ ನಿಂತೆ. "ಒಂದು ನಿಮಿಷ ಇರಿ, ಎಲ್ಲ ಕತ್ತಲೆ ಕಾಣ್ತಿದೆ" ಎಂದಳು. ಬೆಳಕಿನಿಂದ ನೆರಳಿಗೆ ಬಂದಾಗ ನಮಗೆ ಕ್ಷಣದಲ್ಲಿ ಹೊಂದಿಕೊಳ್ಳುವ ಕಣ್ಣು ಅವಳಿಗೆ ಹೊತ್ತು ತೆಗೆದುಕೊಳ್ಳುತ್ತದೆ. ಮಕ್ಕಳು ಸಾಲಾಗಿ ಒಳಗೆ ಹೋದರು. ನಾವು ಕಾದೆವು. ಸ್ವಲ್ಪ ಹೊತ್ತಿನ ಮೇಲೆ, "ಹಾಂ, ಕಂಬ ಕಂಡಿತು" ಎಂದು ತಾನೇ ಹೆಜ್ಜೆ ಹಾಕಿದಳು.

ನಾನು ನೋಟುಪುಸ್ತಕದಲ್ಲಿ ಬಾಗಿಲವಾಡದ ಚಿತ್ರ ಬಿಡಿಸಿಕೊಂಡೆ. ಮೊಮ್ಮಗಳು ಅದರ ಪಕ್ಕದಲ್ಲಿ 'ಅಜ್ಜಿಗೆ ಹೊಸ್ತಿಲ ಹತ್ತಿರ ಲೈಟ್ ಬೇಕು' ಎಂದು ಪೆನ್ಸಿಲಿನಲ್ಲಿ ಬರೆದಳು. ನಾನು ಅದನ್ನು ನೋಡಿದ್ದು ಮನೆಗೆ ಮರಳಿದ ಮೇಲೆ.

ಆಗುಂಬೆ ದಾಟಿ

ಸಂಜೆ ಆಗುಂಬೆ. 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು ಶಂಕರ್‌ನಾಗ್ ಚಿತ್ರೀಕರಿಸಿದ ಊರು. 1987ರಲ್ಲಿ ದೂರದರ್ಶನದಲ್ಲಿ ಅದು ಬರುವಾಗ ಪಕ್ಕದ ಮನೆಯವರೂ ನಮ್ಮ ಮನೆಯಲ್ಲೇ ಕೂರುತ್ತಿದ್ದರು. ಧಾರಾವಾಹಿಯಲ್ಲಿ ಸ್ವಾಮಿಯ ಮನೆಯಾದ ದೊಡ್ಡಮನೆಯನ್ನು ಹೊರಗಿನಿಂದ ತೋರಿಸಿ, "ನೋಡು ಪುಟ್ಟಿ, ಇದೇ ಸ್ವಾಮಿ ಮನೆ" ಎಂದರೆ ಅವಳು "ಯಾವ ಸ್ವಾಮಿ ಅಜ್ಜ?" ಎಂದಳು. ನನ್ನಾಕೆ ಮಾತ್ರ ಆ ಜಗಲಿಯ ಕಡೆ ನೋಡುತ್ತ ಧಾರಾವಾಹಿಯ ರಾಗವನ್ನು ಗುನುಗಿದಳು.

ಮರುದಿನ ಬೆಳಿಗ್ಗೆ 14 ತಿರುವುಗಳ ಘಟ್ಟ ಇಳಿದು ಸೋಮೇಶ್ವರ, ಹೆಬ್ರಿ ದಾಟಿ ಮಣಿಪಾಲ ಸೇರಿದೆವು. ಘಟ್ಟದ ಮೇಲೆ 'ಬಾಗಿಲವಾಡ' ಎನ್ನುತ್ತಿದ್ದುದು ಕೆಳಗೆ 'ದಾರಂದ' ಆಗುತ್ತದೆ. ಮರವೂ ಬೇರೆ. ಕರಾವಳಿಯ ಹಳೆಯ ಮನೆಗಳಲ್ಲಿ ಹಲಸು, ಹೆಬ್ಬಲಸಿನ ಬಳಕೆ ಹೆಚ್ಚು. ಎಣ್ಣೆ ಕುಡಿದು, ಕೈ ತಾಗಿ, ವರ್ಷ ಕಳೆದಂತೆ ಹಲಸಿನ ಮರದ ಹಳದಿ ಬಣ್ಣ ಜೇನಿನ ಬಣ್ಣಕ್ಕೆ ತಿರುಗುತ್ತದೆ.

ಒಬ್ಬ ಬ್ಯಾಂಕ್ ನೌಕರ ಉಳಿಸಿದ ಬಾಗಿಲುಗಳು

ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮ ನನ್ನ ಮನಸ್ಸಿಗೆ ಹತ್ತಿರವಾಗಲು ಒಂದು ವಿಶೇಷ ಕಾರಣವಿದೆ. ಅದನ್ನು ಕಟ್ಟಿದ ವಿಜಯನಾಥ ಶೆಣೈ ಅವರು ಸಿಂಡಿಕೇಟ್ ಬ್ಯಾಂಕಿನ ನೌಕರರಾಗಿದ್ದವರು. ಊರೂರಿನಲ್ಲಿ ಜನ ಹಳೆಯ ಮನೆ ಕೆಡವಿ ಕಂಬ, ಬಾಗಿಲುಗಳನ್ನು ಸೌದೆಯ ಬೆಲೆಗೆ ಮಾರುತ್ತಿದ್ದ ಕಾಲದಲ್ಲಿ ಅವರು ಅವನ್ನು ಕೂಡಿಹಾಕಿದರು. ಮೊದಲು ಹಳೆಯ ಮನೆಗಳ ಭಾಗಗಳಿಂದಲೇ ತಮ್ಮ ಮನೆ ಕಟ್ಟಿಕೊಂಡರು. ಆಮೇಲೆ ಇಡೀ ಇಡೀ ಮನೆಗಳನ್ನೇ ಬಿಚ್ಚಿ ತಂದು, ತುಂಡು ತುಂಡಿಗೂ ಲೆಕ್ಕವಿಟ್ಟು, ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿದರು. 2017ರಲ್ಲಿ ಅವರು ತೀರಿಕೊಂಡರು. ನಾನೂ ಬ್ಯಾಂಕಿನವನೇ, ನಾನು ಉಳಿಸಿದ್ದು ಪಾಸ್‌ಬುಕ್ಕುಗಳನ್ನು ಮಾತ್ರ ಎಂದುಕೊಂಡು ಒಳಗೆ ಹೋದೆ.

ಒಂದೇ ಆವರಣದಲ್ಲಿ ಕುಂಜೂರು ಚೌಕಿಮನೆ ಇದೆ, ಮಿಯಾರು ಮನೆ ಇದೆ, ಹರ್ಕೂರು ಒಳಗಿನಮನೆ ಇದೆ. ಕೊಪ್ಪಳ ಜಿಲ್ಲೆಯ ಕುಕನೂರಿನಿಂದ ಬಂದ ಕಮಲ ಮಹಲ್ ಇದೆ. ಮುಧೋಳ ಅರಮನೆಯ ದರ್ಬಾರ್ ಹಾಲ್, ದಖನಿ ನವಾಬ್ ಮಹಲ್ ಕೂಡ ಇವೆ. ನಾನು ಸರ್ವೀಸಿನಲ್ಲಿ ಸುತ್ತಿದ ಕರ್ನಾಟಕವೆಲ್ಲ ಒಂದೇ ಕಡೆ ಬಂದು ನಿಂತಂತಿತ್ತು. ಒಂದು ಹೊಸ್ತಿಲು ದಾಟಿದರೆ ಕರಾವಳಿ, ಇನ್ನೊಂದು ದಾಟಿದರೆ ಬಯಲುಸೀಮೆ.

ಹಳೆಯ ಬಾಗಿಲಿನ ಜಾಣತನವನ್ನು ಮಕ್ಕಳಿಗೆ ಹೇಳಲೇಬೇಕು. ಅನೇಕ ಹಳೆಯ ಬಾಗಿಲುಗಳಿಗೆ ಬಿಜಾಗರಿಯೇ ಇಲ್ಲ. ಕದದ ಮರದಲ್ಲೇ ಮೇಲೊಂದು, ಕೆಳಗೊಂದು ಗೂಟ ಬಿಟ್ಟಿರುತ್ತಾರೆ. ಅವು ಚೌಕಟ್ಟಿನ ಕುಳಿಗಳಲ್ಲಿ ಕೂತು ತಿರುಗುತ್ತವೆ. ಒಂದೇ ಅಗಲ ಕದದ ಬದಲು ಎರಡು ಕದ ಮಾಡಿದರೆ ಭಾರ ಎರಡು ಕಡೆಗೂ ಹಂಚಿಹೋಗುತ್ತದೆ. ಎತ್ತರದ ಹೊಸ್ತಿಲು ಹುಳಹುಪ್ಪಟೆಯನ್ನೂ ಅಂಗಳದ ನೀರನ್ನೂ ತಡೆಯುತ್ತದೆ. ಅದಕ್ಕಿಂತ ಮುಖ್ಯವಾಗಿ ಚೌಕಟ್ಟಿನ ಎರಡು ಕಾಲುಗಳನ್ನು ಕೆಳಗೆ ಹಿಡಿದಿಡುತ್ತದೆ. ಈಗ ನಾವು ಹೊಸ್ತಿಲನ್ನು ಶಾಸ್ತ್ರಕ್ಕೆ ಎಂದುಕೊಂಡಿದ್ದೇವೆ. ಬಡಗಿಗೆ ಅದು ಚೌಕಟ್ಟಿನ ನಾಲ್ಕನೆಯ ಕಾಲು.

ನಾನು ಒಂದು ಕೆತ್ತನೆಯ ದಾರಂದದ ಮುಂದೆ ನಿಂತೆ. ಬಳ್ಳಿ, ಹೂವು, ಗಿಳಿ. ಬೆರಳಗಲದ ಜಾಗವನ್ನೂ ಬಿಟ್ಟಿರಲಿಲ್ಲ. "ಇದೇ ಆಗಬಹುದಲ್ಲವೇನೇ?" ಎಂದು ನನ್ನಾಕೆಯನ್ನು ಕೇಳಿದೆ.

ಅವಳು ಹತ್ತಿರ ಹೋಗಿ ನೋಡಿದಳು. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಬಂದಳು. "ಹತ್ತಿರದಿಂದ ಚೆಂದ ರೀ. ಇಲ್ಲಿಂದ ನೋಡಿದರೆ ನನಗೆ ಒಂದು ಕಂದು ಹಲಗೆ. ನಮ್ಮನೇದೂ ಹೀಗೇ ಕಾಣೋದು."

ನನಗೆ ಉತ್ತರ ಹೊಳೆಯಲಿಲ್ಲ. ಅವಳು ಮಾರ್ಗದರ್ಶಿಯನ್ನು ಕೇಳಿ ಅಪ್ಪಣೆ ಪಡೆದು ಕದದ ಹಿತ್ತಾಳೆ ಬಳೆಯನ್ನು ಮೆಲ್ಲಗೆ ಮುಟ್ಟಿದಳು. "ಕೈ ತಾನಾಗಿ ಇಲ್ಲಿಗೇ ಬರುತ್ತೆ ನೋಡಿ" ಎಂದಳು. ಮತ್ತೆ ಸೀರೆಯ ನೆರಿಗೆ ಎತ್ತಿಕೊಂಡು, ಪಾದದ ಅಂಚಿನಿಂದ ಹೊಸ್ತಿಲನ್ನು ತಾಗಿಸಿ, ಎತ್ತರ ಅಂದಾಜು ಮಾಡಿ, ಆರಾಮವಾಗಿ ದಾಟಿದಳು. ಎಡವಲಿಲ್ಲ.

"ಇಷ್ಟು ಎತ್ತರ ಇದ್ದೂ ಹೇಗೆ ದಾಟಿದೆ?" ಎಂದೆ.

"ಇದು ಕಾಲಿಗೆ ಗೊತ್ತಾಗುತ್ತೆ. ನಮ್ಮನೇದು ಒಂದಿಂಚು. ಇದೆಯೋ ಇಲ್ಲವೋ ಅಂತ ಕಾಲಿಗೂ ಗೊತ್ತಾಗಲ್ಲ, ಕಣ್ಣಿಗೂ ಕಾಣಲ್ಲ. ಅಲ್ಲೇ ಮುಗ್ಗರಿಸೋದು" ಎಂದಳು.

ಮೂರು ವರ್ಷ ನಾನು ಗದರುತ್ತ ಬಂದ ಸಂಗತಿಗೆ ಇದ್ದ ಕಾರಣ ಇಷ್ಟೇ. ನಾನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ನೋಟುಪುಸ್ತಕ ಮುಚ್ಚಿ ಕಿಸೆಗೆ ಹಾಕಿಕೊಂಡೆ. ಗಜಲಕ್ಷ್ಮಿಯ ಚಿತ್ರ ಅದರಲ್ಲೇ ಉಳಿಯಿತು.

ಅಲ್ಲಿಂದ ಉಡುಪಿಗೆ ಹೋಗದೆ ಬರಲಾದೀತೆ? ಕೃಷ್ಣನ ದರ್ಶನ ಅಲ್ಲಿ ಬಾಗಿಲಿನಿಂದಲ್ಲ, ಒಂಬತ್ತು ತೂತುಗಳ ನವಗ್ರಹ ಕಿಂಡಿಯಿಂದ. ಹೊರಗೆ ಕನಕನ ಕಿಂಡಿ. ನೂಕುನುಗ್ಗಲಲ್ಲಿ ಅವಳನ್ನು ಮುಂದೆ ಬಿಟ್ಟು ನಾನು ಹಿಂದೆ ನಿಂತೆ. ಹೊರಗೆ ಬಂದು ಮಂಟಪದಲ್ಲಿ ಕೂತಾಗ ಅವಳು ಹೇಳಿದಳು: "ದೇವರನ್ನೇ ಎಲ್ಲರೂ ಕಿಂಡಿಯಲ್ಲಿ ನೋಡ್ತಾರೆ. ನನಗೆ ಈಗ ಎಲ್ಲವೂ ಹಾಗೇ ಕಾಣೋದು. ಇಷ್ಟಾದರೂ ಇರಲಿ ಅಂತ ಕೇಳಿಕೊಂಡೆ."

ರಥಬೀದಿಯ ಪಾತ್ರೆ ಅಂಗಡಿಯಲ್ಲಿ ಅವಳೇ ಆರಿಸಿ ಅಂಗೈ ಅಗಲದ ಒಂದು ಹಿತ್ತಾಳೆ ಬಳೆ ಕೊಂಡಳು. ಪ್ರವಾಸದಲ್ಲಿ ನಾವು ಕೊಂಡ ವಸ್ತು ಅದೊಂದೇ.

ಆರು ಹಲಗೆಯ ಪರೀಕ್ಷೆ

ಮನೆಗೆ ಬಂದು ಆಚಾರ್ರಿಗೆ "ತೇಗ ಬೇಡ, ಇರುವ ಬಾಗಿಲಿಗೇ ಬಣ್ಣ ಹೊಡೆಸೋಣ" ಎಂದಾಗ ಅವರಿಗೆ ಸ್ವಲ್ಪ ಬೇಸರವಾಯಿತು. ಆದರೆ ಕಾರಣ ಕೇಳಿದ ಮೇಲೆ ಪ್ಲೈವುಡ್ಡಿನ ಆರು ತುಂಡುಗಳನ್ನು ಅವರೇ ಕೊಯ್ದುಕೊಟ್ಟರು. ಪರೀಕ್ಷೆ ಮೊಮ್ಮಗಳ ಯೋಜನೆ. ಬಣ್ಣದಂಗಡಿಯಿಂದ ಸಣ್ಣ ಸಣ್ಣ ಡಬ್ಬಿ ತಂದು ಒಂದೊಂದು ಹಲಗೆಗೆ ಒಂದೊಂದು ಬಳಿದೆವು: ಕಂದು, ಕೆಂಗಂದು, ಅರಿಶಿನ ಹಳದಿ, ಬಾಟಲ್ ಹಸಿರು, ನವಿಲುನೀಲಿ, ಬೂದು. ಗೋಡೆಯದು ಕೆನೆಬಣ್ಣ. ಅಜ್ಜಿ ಗೇಟಿನ ಬಳಿ ನಿಲ್ಲುವುದು, ಪುಟ್ಟಿ ಬಾಗಿಲಿನ ಬಳಿ ಹಲಗೆ ಹಿಡಿಯುವುದು, ಹತ್ತಕ್ಕೆ ಎಷ್ಟು ಅಂಕ ಎಂದು ಅಜ್ಜಿ ಹೇಳುವುದು, ನಾನು ಬರೆದುಕೊಳ್ಳುವುದು. ಬೆಳಿಗ್ಗೆ ಏಳು, ಮಧ್ಯಾಹ್ನ ಒಂದು, ಸಂಜೆ ಆರೂವರೆ. ಮೂರು ದಿನ.

ಬೆಳಿಗ್ಗೆ ಹಳದಿ ಗೆದ್ದೇಬಿಟ್ಟಿತು ಅನಿಸಿತ್ತು. ಮಧ್ಯಾಹ್ನದ ಬಿಸಿಲಿಗೆ ಅದು ಕೆನೆಬಣ್ಣದ ಗೋಡೆಯೊಳಗೆ ಕರಗಿಹೋಯಿತು. ಬಣ್ಣ ಎಷ್ಟು ಗಾಢ ಎನ್ನುವುದಕ್ಕಿಂತ ಪಕ್ಕದ ಗೋಡೆಯಿಂದ ಎಷ್ಟು ಬೇರೆಯಾಗಿ ಕಾಣುತ್ತದೆ ಎನ್ನುವುದೇ ಮುಖ್ಯ ಎಂದು ಅಲ್ಲಿ ತಿಳಿಯಿತು. ಬೂದು ಮೊದಲ ದಿನವೇ ಸೋತಿತು. ಹಸಿರು, ಕಂದು ಎರಡಕ್ಕೂ ಸಂಜೆ ವ್ಯತ್ಯಾಸವೇ ಕಾಣಲಿಲ್ಲ.

ಬೆರಗು ಹುಟ್ಟಿಸಿದ್ದು ಕೆಂಗಂದು. ಹಗಲು ಎಂಟು ಅಂಕ ಪಡೆದದ್ದು ಸಂಜೆ ಆರೂವರೆಗೆ ಕಪ್ಪಾಯಿತು. "ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಗೊತ್ತಾಗ್ತಿಲ್ಲ ಪುಟ್ಟಿ, ಕತ್ತಲೆ ಕೋಣೆ ಥರ ಇದೆ" ಎಂದಳು ಅಜ್ಜಿ. ಆದರೆ ನೀಲಿ ನೀಲಿಯಾಗಿಯೇ ಉಳಿದಿತ್ತು.

ಮಕ್ಕಳೇ, ಇದು ಅಜ್ಜಿಯ ಕಣ್ಣಿನ ದೋಷವಲ್ಲ, ನಮ್ಮೆಲ್ಲರ ಕಣ್ಣೂ ಹೀಗೆಯೇ. ಹಗಲಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಬೇರೆ, ಮಬ್ಬಿನಲ್ಲಿ ಕೆಲಸ ಮಾಡುವ ಕೋಶಗಳು ಬೇರೆ. ಮಬ್ಬಿನ ಕೋಶಗಳಿಗೆ ಕೆಂಪು ಬಹಳ ಕಡಿಮೆ ಕಾಣುತ್ತದೆ, ನೀಲಿ-ಹಸಿರಿನ ಕಡೆಯ ಬೆಳಕು ಹೆಚ್ಚು ಕಾಣುತ್ತದೆ. 19ನೆಯ ಶತಮಾನದಲ್ಲಿ ಪುರ್ಕಿನ್ಯೆ ಎಂಬ ಝೆಕ್ ವಿಜ್ಞಾನಿ ಇದನ್ನು ಗುರುತಿಸಿ ಬರೆದರು. ನೀವೂ ನೋಡಬಹುದು. ಒಂದು ಕೆಂಪು ದಾಸವಾಳ, ಒಂದು ನೀಲಿ ಶಂಖಪುಷ್ಪ ತಂದು ಅಂಗಳದಲ್ಲಿಡಿ. ಲೈಟು ಹಾಕದೆ ಸಂಜೆಯ ಬೆಳಕು ಕಂದುವವರೆಗೂ ನೋಡುತ್ತ ಕೂರಿ. ದಾಸವಾಳ ಮೊದಲು ಕಪ್ಪಾಗುತ್ತದೆ.

ಮೂರು ದಿನದ ಅಂಕ ಕೂಡಿಸಿದೆ. ನವಿಲುನೀಲಿ 71, ಕೆಂಗಂದು 58, ಉಳಿದವು ಅದಕ್ಕೂ ಕೆಳಗೆ. ನನ್ನ ಪ್ರೀತಿಯ ಕಂದು ಬಣ್ಣಕ್ಕೆ 34. ತಾಳೆ ನೋಡಿದೆ. ಲೆಕ್ಕ ಸರಿಯಾಗಿತ್ತು.

ನಾವು ಮಾಡಿಸಿದ್ದು

ಮನೆಯ ಮುಂಬಾಗಿಲನ್ನು ಹೊಸದು ಮಾಡಬೇಕೆಂದಿರುವವರಿಗೆ ಉಪಯೋಗವಾದೀತೆಂದು ಕೆಲಸದ ವಿವರ ಬರೆಯುತ್ತೇನೆ.

ಬಾಗಿಲನ್ನು ಕಳಚಿ, ಹಳೆಯ ವಾರ್ನಿಷ್ ಪೂರ್ತಿ ಉಜ್ಜಿ ತೆಗೆಸಿದೆವು. ಇದನ್ನು ಅವಸರದಲ್ಲಿ ಮುಗಿಸಿದರೆ ಹೊಸ ಬಣ್ಣ ವರ್ಷದೊಳಗೆ ಪೊರೆ ಬಿಡುತ್ತದೆ. ಪ್ರೈಮರ್ ಒಂದು ಕೈ, ಬಣ್ಣ ಎರಡು ಕೈ. ಕದದ ಮೇಲಂಚು, ಕೆಳಂಚುಗಳಿಗೂ ಬಣ್ಣ ಬಳಿಯಲೇಬೇಕು. ಮರ ನೀರು ಕುಡಿಯುವುದು ಹೆಚ್ಚಾಗಿ ಅಲ್ಲಿಂದಲೇ, ಮಳೆಗಾಲದಲ್ಲಿ ಉಬ್ಬುವುದೂ ಅದರಿಂದಲೇ. ಹೊಳೆಯುವ ಎನಾಮೆಲ್ ಬೇಡವೆಂದೆವು. ಟ್ಯೂಬ್‌ಲೈಟಿನ ಬೆಳಕು ಅದರಲ್ಲಿ ಹೊಳೆದು ಕಣ್ಣಿಗೆ ಚುಚ್ಚುತ್ತದೆ. ಸ್ಯಾಟಿನ್ ಎನ್ನುವ, ಹೊಳಪು ಕಡಿಮೆಯಿರುವ ಬಣ್ಣ ತಂದೆವು. ಚೌಕಟ್ಟಿಗೆ ಬಿಳಿ. ನೀಲಿಯ ಸುತ್ತ ಬಿಳಿ ಗೆರೆ ಇದ್ದರೆ ಬಾಗಿಲಿನ ಅಂಚು ಸ್ಪಷ್ಟ. ಬಿಸಿಲು ನೇರವಾಗಿ ಬೀಳುವ ಪಶ್ಚಿಮದ ಬಾಗಿಲಾದರೆ ಕಡುಬಣ್ಣ ಬೇಗ ಕಾಯುತ್ತದೆ, ಬೇಗ ಮಾಸುತ್ತದೆ. ನಮ್ಮದು ಪೂರ್ವದ ಬಾಗಿಲು, ಅಡ್ಡಿಯಿಲ್ಲ. ಸೂರಿನ ಕೆಳಗೆ ಒಂದು ದೀಪ ಹಾಕಿಸಿದೆವು. ಅದು ಕುಪ್ಪಳಿಯಲ್ಲಿ ಪುಟ್ಟಿ ಬರೆದ ಸಾಲಿಗಾಗಿ.

ಹೊಸ್ತಿಲಿನ ವಿಷಯದಲ್ಲಿ ಮನೆಯಲ್ಲಿ ಚರ್ಚೆಯೇ ನಡೆಯಿತು. ಮಗ ಫೋನಿನಲ್ಲಿ, "ಅಪ್ಪ, ಹೊಸ್ತಿಲೇ ಬೇಡ, ನೆಲಸಮ ಮಾಡಿಸಿ. ಮುಂದೆ ಗಾಲಿಕುರ್ಚಿ ಬೇಕಾದರೆ?" ಎಂದ. ಅವನ ಮಾತೂ ಸರಿಯೇ. "ಹೊಸ್ತಿಲು ಇಲ್ಲದ ಬಾಗಿಲಿಗೆ ಅರಿಶಿನ-ಕುಂಕುಮ ಎಲ್ಲಿ ಹಚ್ಚಲಿ?" ಎಂದಳು ನನ್ನಾಕೆ. ಆಚಾರ್ರು ದಾರಿ ಕಂಡುಹಿಡಿದರು. ಒಂದಿಂಚಿನ ಪಟ್ಟಿ ಕಿತ್ತು, ನಾಲ್ಕು ಬೆರಳೆತ್ತರದ ಹೊನ್ನೆಮರದ ಹೊಸ್ತಿಲನ್ನು ಸ್ಕ್ರೂ ಹಾಕಿ ಕೂರಿಸಿದರು. ಬೇಡವಾದ ದಿನ ಬಿಚ್ಚಬಹುದು. ಪಕ್ಕದ ಗೋಡೆಗೆ ಹಿಡಿದುಕೊಳ್ಳಲು ಒಂದು ಹಿಡಿಕೆ. ಹೊಸ್ತಿಲಿಗೆ ಉದ್ದಕ್ಕೂ ಅರಿಶಿನದ ಹಳದಿ ಬಣ್ಣ. ಗೋಡೆಯ ಮೇಲೆ ಸೋತ ಹಳದಿ ನಮ್ಮ ಕಡುಗೆಂಪು ನೆಲದ ಮೇಲೆ ಎದ್ದು ಕಂಡಿತು. ಅರಿಶಿನ ಬಳಿದ ಹೊಸ್ತಿಲನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಅದು ಕಣ್ಣಿಗೆ ಎಷ್ಟು ಚೆನ್ನಾಗಿ ಕಾಣುತ್ತದೆ ಎಂದು ಯೋಚಿಸಿರಲಿಲ್ಲ.

ಎಲ್ಲ ಸೇರಿ ಖರ್ಚು 11,350 ರೂಪಾಯಿ. ತೇಗಕ್ಕೆಂದು ತೆಗೆದಿಟ್ಟ ಉಳಿದ ಹಣ ಅವಳ ಕಣ್ಣಿನ ಔಷಧಕ್ಕೆಂದು ಬೇರೆ ಖಾತೆಯಲ್ಲಿದೆ.

ಇನ್ನೊಂದು ಮಾತು ಹೇಳಲೇಬೇಕು. ಮನೆಯಲ್ಲಿ ನಲವತ್ತು ದಾಟಿದವರು, ಅದರಲ್ಲೂ ತಂದೆ-ತಾಯಿಗೆ ಗ್ಲಾಕೋಮಾ ಇದ್ದವರು, ಕನ್ನಡಕದ ನಂಬರಿನ ಜೊತೆಗೆ ಕಣ್ಣಿನ ಒತ್ತಡವನ್ನೂ ನರವನ್ನೂ ಪರೀಕ್ಷೆ ಮಾಡಿಸಿಕೊಳ್ಳಿ. ಈ ಕಾಯಿಲೆ ಹೆಚ್ಚಿನವರಲ್ಲಿ ನೋವು ಕೊಡದೆ ಬರುತ್ತದೆ. ಮನೆಯಲ್ಲಿ ಯಾರಾದರೂ ಪದೇ ಪದೇ ಎಡವಿದರೆ, ಬಾಗಿಲು ತಪ್ಪಿದರೆ, ನನ್ನಂತೆ ಅದನ್ನು ಮದುವೆಮನೆಯ ನಗೆಹನಿ ಮಾಡಬೇಡಿ.

ಬಣ್ಣ ಒಣಗಿದ ಸಂಜೆ ನಾನೂ ಪುಟ್ಟಿಯೂ ಜಗಲಿಯಲ್ಲಿ ಕೂತಿದ್ದೆವು. ನನ್ನಾಕೆ ಬೇಕೆಂದೇ ಆರೂವರೆಗೆ ಹಾಲಿಗೆ ಹೋದಳು. ಮರಳಿ ಬರುವಾಗ ಮೊದಲನೆಯ ಮನೆ ದಾಟಿದಳು, ಎರಡನೆಯದು, ಮೂರನೆಯದು. ನಾವು ಉಸಿರು ಬಿಗಿಹಿಡಿದು ಸುಮ್ಮನಿದ್ದೆವು. ನಮ್ಮ ಗೇಟಿನ ಮುಂದೆ ನಿಂತು, ತಲೆಯನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ, ಅಗುಳಿ ತೆಗೆದು ಒಳಗೆ ಬಂದಳು. "ಇಬ್ಬರೂ ಇಲ್ಲಿ ಕೂತು ನನ್ನ ಪರೀಕ್ಷೆ ಮಾಡ್ತಿದ್ದೀರಾ?" ಎಂದಳು.

ಈಗ ಕೊರಿಯರ್ ಹುಡುಗರಿಗೆ ನಮ್ಮದು ನೀಲಿ ಬಾಗಿಲಿನ ಮನೆ. ಎರಡನೆಯ ಮನೆಯವರು ತಮ್ಮದಕ್ಕೆ ಯಾವ ಬಣ್ಣ ಎಂದು ಕೇಳಿಕೊಂಡು ಬಂದಿದ್ದರು. ಪುಟ್ಟಿಯ ಆರು ಹಲಗೆ ಅವರಿಗೆ ಕೊಟ್ಟಿದ್ದೇವೆ.

ಉಡುಪಿಯ ಹಿತ್ತಾಳೆ ಬಳೆಯನ್ನು ಆಚಾರ್ರು ಕದಕ್ಕೆ ಹಾಕುವಾಗ, ಎಷ್ಟು ಎತ್ತರಕ್ಕೆ ಎಂದು ಕೇಳಿದರು. ನನ್ನಾಕೆ ಕಣ್ಣು ಮುಚ್ಚಿ ನಿಂತು ಕೈ ಚಾಚಿದಳು. ಕೈ ತಾಗಿದಲ್ಲಿ ಅವರು ಪೆನ್ಸಿಲಿನಿಂದ ಗುರುತು ಮಾಡಿಕೊಂಡರು.

"ಕಣ್ಣು ಯಾಕೆ ಮುಚ್ಚಿದೆ ಅಜ್ಜಿ?" ಎಂದು ಪುಟ್ಟಿ ಕೇಳಿದಳು.

"ನೀಲಿ ಕಾಣದ ದಿನಕ್ಕೆ ಅಂತ" ಎಂದಳು ಅವಳು. ಆಮೇಲೆ ಬಳೆ ಹಿಡಿದು ಎರಡು ಸಲ ಬಡಿದು ನೋಡಿ, "ಸದ್ದು ಚೆನ್ನಾಗಿದೆ" ಎಂದು ಕಾಫಿ ಮಾಡಲು ಒಳಗೆ ಹೋದಳು.